ನಿಂತ ಕ್ರಿಯೆಯನ್ನು ಮುಂದಕ್ಕೆ ಎಳೆಯುವುದು ಹೇಗೆ? ಸಮತೋಲನ ಮತ್ತು ಬೇರ್ಪಡಿಸುವಿಕೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಶಿವಮೊಗ್ಗದಲ್ಲಿ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ‘ರಾಸಾಯನಿಕ ಸಮತೋಲನ’ ಪಾಠ ಬಂದಾಗಲೆಲ್ಲ ಅವೇ ಪ್ರಶ್ನೆಗಳು ಬರುತ್ತವೆ. ತರಗತಿಯ ಮಕ್ಕಳು ಕೇಳುತ್ತಾರೆ. ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕಿರುವ ಹಳೆಯ ವಿದ್ಯಾರ್ಥಿಗಳು ಕೇಳುತ್ತಾರೆ. ಅಡಿಕೆ ತೋಟದ ನೆಂಟರೂ ಕೇಳುತ್ತಾರೆ. ಪುಸ್ತಕದಲ್ಲಿ ನಾಲ್ಕು ಸಾಲಿನಲ್ಲಿ ಮುಗಿದುಹೋಗುವ ಒಂದು ಮಾತು ನನಗೆ ಇಡೀ ಪಾಠದ ಜೀವ ಅನ್ನಿಸುತ್ತದೆ: ಆದದ್ದನ್ನು ಆದ ಹಾಗೇ ಹೊರಗೆ ತೆಗೆಯುತ್ತಿದ್ದರೆ, ನಿಂತಂತೆ ಕಾಣುವ ಕ್ರಿಯೆ ಮತ್ತೆ ಮುಂದೆ ಹೋಗುತ್ತದೆ. ನಮ್ಮ ಗದ್ದೆಗೆ ಬರುವ ಯೂರಿಯಾ ಕೂಡ ಈ ಮಾತಿನ ಮೇಲೇ ನಿಂತಿದೆ. ಅದಕ್ಕೇ ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ.

ಸಮತೋಲನ ಅಂದ್ರೆ ಕ್ರಿಯೆ ನಿಂತುಹೋಯಿತು ಅಂತ ಅರ್ಥವಾ?

ಅಲ್ಲ. ನಿಂತ ಹಾಗೆ ಕಾಣುತ್ತದೆ, ಅಷ್ಟೇ.

ಆಷಾಢದಲ್ಲಿ ಆಗುಂಬೆ ಕಡೆ ಜಗಲಿಯಲ್ಲಿ ಬಟ್ಟೆ ಒಣಹಾಕಿದ್ದು ನೆನಪಿಸಿಕೊಳ್ಳಿ. ಮೂರು ದಿನವಾದರೂ ಪಂಚೆ ಹಸಿ ಹಸಿಯಾಗೇ ಇರುತ್ತದೆ. ನೀರು ಆವಿಯಾಗುತ್ತಿಲ್ಲ ಅಂತಲ್ಲ. ಬಟ್ಟೆಯಿಂದ ನೀರು ಹೊರಗೆ ಹೋಗುತ್ತಲೇ ಇದೆ. ಆದರೆ ಗಾಳಿಯಲ್ಲೂ ತೇವ ತುಂಬಿಕೊಂಡಿದೆ. ಹೋದಷ್ಟೇ ನೀರು ಬಟ್ಟೆಗೆ ವಾಪಸ್ ಬರುತ್ತಿದೆ. ಹೋಗುವ ವೇಗ, ಬರುವ ವೇಗ ಎರಡೂ ಸರಿಸಮ ಆದಾಗ ನಮ್ಮ ಕಣ್ಣಿಗೆ ಏನೂ ನಡೆಯದಂತೆ ಕಾಣುತ್ತದೆ.

ಅದೇ ಪಂಚೆಯನ್ನು ಬಚ್ಚಲೊಲೆಯ ಮೇಲಿನ ಗಳಕ್ಕೆ ಹಾಕಿದರೆ ಬೆಳಗಾಗುವಷ್ಟರಲ್ಲಿ ಒಣಗುತ್ತದೆ. ಒಲೆಯ ಶಾಖ ಒಂದು ಕಾರಣ. ಬಿಸಿಗಾಳಿ ಮೇಲೇರುತ್ತಾ ತೇವವನ್ನು ಹಂಚಿನ ಸಂದಿಯಿಂದ ಹೊರಗೆ ಸಾಗಿಸುವುದು ಇನ್ನೊಂದು ಕಾರಣ. ಹೋದ ನೀರು ವಾಪಸ್ ಬರದಂತೆ ನೋಡಿಕೊಂಡದ್ದರಿಂದ ಬಟ್ಟೆ ಒಣಗಿತು. ಬಟ್ಟೆ ಒಣಗುವುದು ರಾಸಾಯನಿಕ ಕ್ರಿಯೆ ಅಲ್ಲ, ಅದು ಗೊತ್ತಿರಲಿ. ಆದರೆ ಲೆಕ್ಕ ಒಂದೇ.

ನಿಜವಾದ ರಾಸಾಯನಿಕ ಕ್ರಿಯೆಯ ಉದಾಹರಣೆ ಕೊಡಿ.

ಅಸಿಟಿಕ್ ಆಮ್ಲ ಮತ್ತು ಆಲ್ಕೋಹಾಲ್. ವಿನೆಗರ್‌ನ ಹುಳಿಗೆ ಕಾರಣವಾದದ್ದೇ ಈ ಆಮ್ಲ. ಎರಡನ್ನೂ ಸೇರಿಸಿ, ನಾಲ್ಕು ಹನಿ ಸಾಂದ್ರ ಸಲ್ಫ್ಯೂರಿಕ್ ಆಮ್ಲ ಹಾಕಿ ಬಿಸಿ ಮಾಡಿದರೆ ಎಸ್ಟರ್ ಮತ್ತು ನೀರು ಹುಟ್ಟುತ್ತವೆ. ಹಣ್ಣಿನಂಥ ಸಿಹಿ ವಾಸನೆ ಬರುತ್ತದೆ. ಪೇಂಟ್, ಅಂಟು, ನೇಲ್ ಪಾಲಿಶ್ ಎಲ್ಲದರಲ್ಲೂ ಇಂಥ ಎಸ್ಟರ್‌ಗಳು ದ್ರಾವಕವಾಗಿ ಇರುತ್ತವೆ.

ಆದರೆ ಹುಟ್ಟಿದ ಎಸ್ಟರ್ ಮತ್ತು ನೀರು ಸುಮ್ನೆ ಕೂರುವುದಿಲ್ಲ. ಮತ್ತೆ ಸೇರಿ ಆಮ್ಲ, ಆಲ್ಕೋಹಾಲ್ ಆಗುತ್ತವೆ. ಫ್ರಾನ್ಸಿನ ಬರ್ತೆಲೋ ಮತ್ತು ಪೆಯಾಂ ದ ಸ್ಯಾಂ-ಜೀಲ್ 1862ರ ಸುಮಾರಿಗೆ ಇದನ್ನು ತಾಳ್ಮೆಯಿಂದ ಅಳೆದರು. ಆಮ್ಲ ಮತ್ತು ಆಲ್ಕೋಹಾಲನ್ನು ಅಣುಗಳ ಲೆಕ್ಕದಲ್ಲಿ ಸಮ ಸಮ ಹಾಕಿದರೆ, ಎಷ್ಟು ದಿನ ಕಾದರೂ ಮೂರರಲ್ಲಿ ಎರಡು ಪಾಲಷ್ಟೇ ಎಸ್ಟರ್ ಆಗುತ್ತದೆ. ಉಳಿದ ಒಂದು ಪಾಲು ಹಾಗೇ ಉಳಿಯುತ್ತದೆ.

ಕಾರ್ಖಾನೆಯವರಿಗೆ ಇದು ದೊಡ್ಡ ನಷ್ಟ. ಕೊಂಡು ತಂದ ಮಾಲಿನಲ್ಲಿ ಮೂರನೇ ಒಂದು ಪಾಲು ಬಳಕೆಯಾಗದೆ ಉಳಿದರೆ ಯಾರಿಗೆ ಪೂರೈಸುತ್ತದೆ?

ಹೊರಗೆ ತೆಗೆದರೆ ಕ್ರಿಯೆ ಮುಂದೆ ಹೋಗುವುದು ಯಾಕೆ? ಲೆಕ್ಕ ಹಾಕಿ ತೋರಿಸಿ.

ತೋರಿಸುತ್ತೇನೆ. ಪೆನ್ನು, ಪೇಪರ್ ಹಿಡಿದುಕೊಳ್ಳಿ.

ಎಸ್ಟರ್ ಕ್ರಿಯೆಯ ಸಮತೋಲನ ಸ್ಥಿರಾಂಕ ಹತ್ತಿರ ಹತ್ತಿರ 4. ಅಂದರೆ ಎಸ್ಟರ್ ಮತ್ತು ನೀರನ್ನು ಗುಣಿಸಿ, ಅದನ್ನು ಉಳಿದ ಆಮ್ಲ ಮತ್ತು ಆಲ್ಕೋಹಾಲ್‌ಗಳ ಗುಣಲಬ್ಧದಿಂದ ಭಾಗಿಸಿದರೆ 4 ಬರಬೇಕು. 100 ಪಾಲು ಆಮ್ಲ, 100 ಪಾಲು ಆಲ್ಕೋಹಾಲ್ ಹಾಕಿದ್ದೀರಿ ಅಂದುಕೊಳ್ಳಿ. ಕೊನೆಗೆ ಎಸ್ಟರ್ 67, ನೀರು 67, ಆಮ್ಲ 33, ಆಲ್ಕೋಹಾಲ್ 33. ಗುಣಿಸಿ, ಭಾಗಿಸಿ ನೋಡಿ. ಸುಮಾರು 4 ಬರುತ್ತದೆ.

ಈಗ ನೀರನ್ನು ಆಗಾಗ ತೆಗೆಯುತ್ತಾ, ಪಾತ್ರೆಯಲ್ಲಿ ಯಾವಾಗಲೂ 1 ಪಾಲು ಮಾತ್ರ ಉಳಿಯುವ ಹಾಗೆ ನೋಡಿಕೊಳ್ಳಿ. ಮೇಲಿನ ಸಂಖ್ಯೆ ಕುಸಿಯಿತು, ಅಲ್ವಾ? 4 ಎಂಬ ಲೆಕ್ಕ ಮತ್ತೆ ಕೂಡಿಬರಬೇಕಾದರೆ ಆಮ್ಲ, ಆಲ್ಕೋಹಾಲ್ ಇನ್ನೂ ಕಡಿಮೆಯಾಗಲೇಬೇಕು. ಕೊನೆಗೆ ಎಸ್ಟರ್ ಸುಮಾರು 95 ಆಗುತ್ತದೆ, ಉಳಿಯುವುದು 5 ಮಾತ್ರ. 67 ಇದ್ದದ್ದು 95 ಆಯಿತು. ಕ್ಯಾಟಲಿಸ್ಟ್ (ಕ್ರಿಯೆಗೆ ವೇಗ ಕೊಡುವ ಪದಾರ್ಥ, ಇಲ್ಲಿ ಸಲ್ಫ್ಯೂರಿಕ್ ಆಮ್ಲ) ಬದಲಿಸಲಿಲ್ಲ, ಹೊಸ ಮಾಲು ಹಾಕಲಿಲ್ಲ. ನೀರು ತೆಗೆದದ್ದು ಮಾತ್ರ.

ಬೋರ್ಡಿನ ಮೇಲೆ ಈ ಲೆಕ್ಕ ಬರೆದಾಗ ಮಕ್ಕಳ ಮುಖ ನೋಡುವುದು ನನಗೆ ಇವತ್ತಿಗೂ ಇಷ್ಟ.

ಕ್ಯಾಟಲಿಸ್ಟ್ ಜಾಸ್ತಿ ಹಾಕಿದರೆ ಆಗಲ್ವಾ?

ಆಗಲ್ಲ. ಕ್ಯಾಟಲಿಸ್ಟ್ ಮುಂದೆ ಹೋಗುವ ದಾರಿಯನ್ನೂ ಹಿಂದೆ ಬರುವ ದಾರಿಯನ್ನೂ ಒಂದೇ ಸಮ ಸುಗಮ ಮಾಡುತ್ತದೆ. ಆರು ದಿನಕ್ಕೆ ತಲುಪುವ ಜಾಗಕ್ಕೆ ಆರು ಗಂಟೆಯಲ್ಲಿ ತಲುಪಬಹುದು. ತಲುಪುವ ಜಾಗ ಬದಲಾಗುವುದಿಲ್ಲ.

ಹಾಗಾದರೆ ಆಲ್ಕೋಹಾಲನ್ನೇ ಜಾಸ್ತಿ ಸುರಿದರೆ?

ಅದು ಕೆಲಸ ಮಾಡುತ್ತದೆ. ಒಂದಕ್ಕೆ ಎರಡು ಪಾಲು ಆಲ್ಕೋಹಾಲ್ ಹಾಕಿದರೆ ಆಮ್ಲದಲ್ಲಿ ಸುಮಾರು 85% ಎಸ್ಟರ್ ಆಗುತ್ತದೆ. ಹತ್ತು ಪಾಲು ಹಾಕಿದರೆ 97%. ಆದರೆ ಆಮೇಲೆ ಒಂಬತ್ತು ಪಾಲು ಆಲ್ಕೋಹಾಲ್ ಹಾಗೇ ಉಳಿದಿರುತ್ತದೆ. ಅದನ್ನು ಬಟ್ಟಿ ಇಳಿಸಿ ವಾಪಸ್ ತೆಗೆಯಲೇಬೇಕು. ಅದಕ್ಕೆ ಸೌದೆಯೋ ಹಬೆಯೋ ಕರೆಂಟೋ ಖರ್ಚಾಗುತ್ತದೆ. ಒಂದು ಕಡೆ ಉಳಿಸಿದ್ದನ್ನು ಇನ್ನೊಂದು ಕಡೆ ಕೊಟ್ಟ ಹಾಗೆ. ಎಷ್ಟೋ ಕಾರ್ಖಾನೆಗಳು ಈ ದಾರಿಯನ್ನೂ, ಹೊರಗೆ ತೆಗೆಯುವ ದಾರಿಯನ್ನೂ ಸೇರಿಸಿ ಬಳಸುತ್ತವೆ.

ನಮ್ಮ ಲ್ಯಾಬಿನಲ್ಲಿ ಎಸ್ಟರ್ ವಾಸನೆಯೇ ಬರಲಿಲ್ಲ. ತಪ್ಪು ಎಲ್ಲಿ?

ಮಳೆಗಾಲದಲ್ಲಿ ಮಾಡಿದಿರಾ? ಅದೇ ಇರಬಹುದು.

ಒಮ್ಮೆ ಜುಲೈ ತಿಂಗಳಲ್ಲಿ ನನ್ನ ತರಗತಿಯಲ್ಲೂ ಹೀಗೇ ಆಯಿತು. ಇಡೀ ಬ್ಯಾಚಿಗೆ ವಾಸನೆ ಬರಲಿಲ್ಲ. ಮಕ್ಕಳು ಟೆಸ್ಟ್ ಟ್ಯೂಬನ್ನು ಸೋಡಾ ಕರಗಿಸಿದ ನೀರಿಗೆ ಸುರಿದು, ಕೈ ಬೀಸಿ ಬೀಸಿ ಮೂಸಿದರು. ಬರೀ ವಿನೆಗರ್ ಘಾಟು. ಆಮೇಲೆ ನೋಡಿದರೆ ಸಲ್ಫ್ಯೂರಿಕ್ ಆಮ್ಲದ ಬಾಟಲಿಯ ಬಿರಡೆ ಸಡಿಲವಾಗಿತ್ತು. ಸಾಂದ್ರ ಸಲ್ಫ್ಯೂರಿಕ್ ಆಮ್ಲಕ್ಕೆ ನೀರಿನ ದಾಹ ಜಾಸ್ತಿ. ಮಲೆನಾಡಿನ ಜುಲೈ ಗಾಳಿಯಿಂದ ಅದು ತೇವ ಎಳೆದುಕೊಂಡು ತೆಳ್ಳಗಾಗಿತ್ತು.

ಇಲ್ಲಿ ಒಂದು ಪಾಠ ಇದೆ. ಆ ಆಮ್ಲ ಎರಡು ಕೆಲಸ ಮಾಡುತ್ತದೆ. ಕ್ಯಾಟಲಿಸ್ಟ್ ಆಗಿ ವೇಗ ಕೊಡುತ್ತದೆ. ಜೊತೆಗೆ ಹುಟ್ಟಿದ ನೀರನ್ನು ಗಟ್ಟಿಯಾಗಿ ಹಿಡಿದುಕೊಂಡು ಅದು ಹಿಂದಿನ ಕ್ರಿಯೆಗೆ ಸಿಗದಂತೆ ಮಾಡುತ್ತದೆ. ಮೊದಲೇ ನೀರು ಕುಡಿದ ಆಮ್ಲಕ್ಕೆ ಆ ಎರಡನೇ ಕೆಲಸ ಸರಿಯಾಗಿ ಆಗುವುದಿಲ್ಲ. ಹೊಸ ಬಾಟಲಿ ತೆಗೆದೆವು. ಎರಡೇ ನಿಮಿಷದಲ್ಲಿ ವಾಸನೆ ಬಂತು.

ಹೊರಗೆ ತೆಗೆದರೆ ಕ್ರಿಯೆ ಮುಂದೆ ಹೋಗುತ್ತದೆ ಅನ್ನುವುದನ್ನು ಮೊದಲು ಗುರುತಿಸಿದವರು ಯಾರು?

ಲ ಶಾತೆಲಿಯೆ ಹೆಸರು ನಿಮಗೆ ಗೊತ್ತು. ಅವನಿಗಿಂತ ಮುಂಚೆ ಬರ್ತೊಲೆ ಇದ್ದಾನೆ. (ಮೇಲೆ ಬಂದ ಬರ್ತೆಲೋ ಬೇರೆ, ಈ ಬರ್ತೊಲೆ ಬೇರೆ. ಪರೀಕ್ಷೆಯಲ್ಲಿ ಗೊಂದಲ ಮಾಡಿಕೊಳ್ಳಬೇಡಿ.) 1798ರಲ್ಲಿ ನೆಪೋಲಿಯನ್ ಈಜಿಪ್ಟಿಗೆ ಹೋದಾಗ ಬರ್ತೊಲೆಯೂ ಜೊತೆಗಿದ್ದ. ಅಲ್ಲಿನ ಉಪ್ಪಿನ ಕೆರೆಗಳ ದಡದಲ್ಲಿ ಸೋಡಿಯಂ ಕಾರ್ಬೊನೇಟ್, ಅಂದರೆ ವಾಷಿಂಗ್ ಸೋಡಾ, ಪದರ ಪದರವಾಗಿ ಬಿದ್ದಿತ್ತು. ಉಪ್ಪು ಮತ್ತು ಸುಣ್ಣದ ಕಲ್ಲು ಸೇರಿ ಆದ ಸೋಡಾ ಅದು. ಲ್ಯಾಬಿನಲ್ಲಿ ಈ ಕ್ರಿಯೆ ಉಲ್ಟಾ ನಡೆಯುತ್ತದೆ. ಸೋಡಾವನ್ನು ಕ್ಯಾಲ್ಸಿಯಂ ಕ್ಲೋರೈಡಿಗೆ ಹಾಕಿದರೆ ಸುಣ್ಣದ ಕಲ್ಲಿನ ಪುಡಿ ಮತ್ತು ಅಡುಗೆ ಉಪ್ಪು ಸಿಗುತ್ತವೆ. ಕೆರೆಯಲ್ಲಿ ಉಪ್ಪು ರಾಶಿ ರಾಶಿ, ಸುತ್ತ ಸುಣ್ಣದ ಕಲ್ಲು. ಹುಟ್ಟಿದ ಸೋಡಾ ದಡದಲ್ಲಿ ಹರಳುಗಟ್ಟಿ ಬೇರೆಯಾಗುತ್ತಿತ್ತು. ಹಾಗಾಗಿ ಕ್ರಿಯೆ ತಿರುಗಿ ನಡೆದಿತ್ತು. ಯಾವುದು ಎಷ್ಟಿದೆ, ಯಾವುದು ಹೊರಗೆ ಹೋಗುತ್ತಿದೆ ಎಂಬುದರ ಮೇಲೆ ಕ್ರಿಯೆಯ ದಿಕ್ಕು ನಿಂತಿದೆ ಎಂದು ಅವನಿಗೆ ಅಲ್ಲಿ ಹೊಳೆಯಿತು.

1864ರಲ್ಲಿ ನಾರ್ವೆಯ ಗುಲ್ಡ್‌ಬರ್ಗ್ ಮತ್ತು ವೋಗೆ ಇದಕ್ಕೆ ಗಣಿತದ ರೂಪ ಕೊಟ್ಟರು. ಸಮತೋಲನವನ್ನು ಕದಡಿದರೆ ಕ್ರಿಯೆ ಆ ಬದಲಾವಣೆಯನ್ನು ತಗ್ಗಿಸುವ ಕಡೆಗೆ ಸರಿಯುತ್ತದೆ ಅನ್ನುವ ಲ ಶಾತೆಲಿಯೆಯ ನಿಯಮ ಬಂದದ್ದು 1884ರಲ್ಲಿ.

ಆ ಲ ಶಾತೆಲಿಯೆ ಹೇಳಿದ ಒಂದು ಸಂಗತಿ ಭದ್ರಾವತಿ ಕಡೆಯವರಿಗೆ ಬೇಗ ಹಿಡಿಸುತ್ತದೆ. ಕಬ್ಬಿಣದ ಊದುಕುಲುಮೆಯ ಬಾಯಿಂದ ಕಾರ್ಬನ್ ಮಾನಾಕ್ಸೈಡ್ ಸುಮ್ನೆ ಹೊರಗೆ ಹೋಗುತ್ತಿತ್ತು. ಅದಿರಿನ ಜೊತೆ ಸೇರಲು ಅದಕ್ಕೆ ಸಮಯ ಸಾಲುತ್ತಿಲ್ಲ ಎಂದುಕೊಂಡು ಇಂಗ್ಲೆಂಡಿನಲ್ಲಿ ಕುಲುಮೆಗಳನ್ನು 30 ಮೀಟರ್‌ವರೆಗೆ ಎತ್ತರಿಸಿ ಕಟ್ಟಿದರು. ಹೊರಗೆ ಹೋಗುವ ಅನಿಲ ಕಡಿಮೆಯಾಗಲಿಲ್ಲ. ಅದು ಸಮಯದ ಕೊರತೆ ಆಗಿರಲಿಲ್ಲ, ಸಮತೋಲನ ಆಗಿತ್ತು. ಕ್ರಿಯೆಯ ಸ್ವಭಾವ ಮೊದಲೇ ತಿಳಿದಿದ್ದರೆ ಅಷ್ಟು ಇಟ್ಟಿಗೆ, ಅಷ್ಟು ದುಡ್ಡು ಉಳಿಯುತ್ತಿತ್ತು.

ಹುಟ್ಟಿದ್ದನ್ನು ಹೊರಗೆ ತೆಗೆಯುವ ದಾರಿಗಳು ಯಾವುವು?

ಹಲವು ಇವೆ. ಎಲ್ಲವೂ ನೀವು ಎಲ್ಲೋ ಒಂದು ಕಡೆ ನೋಡಿದ್ದೇ.

ಅನಿಲವಾದರೆ ಹಾರಿಹೋಗಲು ಬಿಡಬಹುದು. ಸುಣ್ಣದ ಗೂಡಿನಲ್ಲಿ ಆಗುವುದು ಇದೇ. ಚಿಪ್ಪನ್ನೋ ಕಲ್ಲನ್ನೋ ಸುಟ್ಟಾಗ ಕಾರ್ಬನ್ ಡೈಆಕ್ಸೈಡ್ ಮೇಲಿನಿಂದ ಹೋಗುತ್ತದೆ, ಸುಣ್ಣ ಉಳಿಯುತ್ತದೆ. ಗೂಡಿಗೆ ಗಾಳಿಯಾಡದಂತೆ ಮುಚ್ಚಳ ಬಿಗಿದರೆ ಸುಡುವುದು ಅರ್ಧಕ್ಕೇ ನಿಲ್ಲುತ್ತದೆ. ಎಲೆ ಅಡಿಕೆಗೆ ಹಚ್ಚುವ ಸುಣ್ಣ ಕೂಡ ಈ ತೆರೆದ ಬಾಯಿಂದಲೇ ಬಂದದ್ದು.

ತಳಕ್ಕೆ ಇಳಿಯುವಂತೆ ಮಾಡಬಹುದು. ಕಾಗದದ ಕಾರ್ಖಾನೆಗಳಲ್ಲಿ ಬಿದಿರು, ಮರ ಬೇಯಿಸಲು ಬೇಕಾದ ಕಾಸ್ಟಿಕ್ ಸೋಡಾವನ್ನು ಮತ್ತೆ ಪಡೆಯಲು, ಬಳಸಿ ಉಳಿದ ಸೋಡಾ ನೀರಿಗೆ ಸುಣ್ಣ ಹಾಕುತ್ತಾರೆ. ಸುಣ್ಣದ ಕಲ್ಲಿನ ಬಿಳಿ ಕೆಸರು ತಳ ಸೇರುತ್ತದೆ, ಮೇಲೆ ಕಾಸ್ಟಿಕ್ ಉಳಿಯುತ್ತದೆ.

ತಂಪು ಮಾಡಿ ದ್ರವವಾಗಿಸಬಹುದು, ಇನ್ನೊಂದು ದ್ರವದಲ್ಲಿ ಹೀರಿಸಬಹುದು, ಕುದಿಸಿ ಆವಿಯಾಗಿ ತೆಗೆಯಬಹುದು. ಇನ್ನೂ ಒಂದು ದಾರಿ ಇದೆ: ಒಂದೇ ಬಗೆಯ ಅಣು ದಾಟುವಂಥ ಪೊರೆ. ಪಲ್ಲಾಡಿಯಂ ಲೋಹದ ತೆಳು ತಗಡಿನ ಮೂಲಕ ಬಿಸಿಯಲ್ಲಿ ಹೈಡ್ರೋಜನ್ ದಾಟಿಹೋಗುತ್ತದೆ, ಬೇರೆ ಅನಿಲ ದಾಟುವುದಿಲ್ಲ. ಥಾಮಸ್ ಗ್ರಹಾಂ 1860ರ ದಶಕದಲ್ಲೇ ಇದನ್ನು ನೋಡಿದ್ದ. ಜಿಯೋಲೈಟ್ ಎಂಬ, ಅತಿ ಸಣ್ಣ ರಂಧ್ರಗಳಿರುವ ಖನಿಜದ ಪೊರೆಗಳು ನೀರನ್ನು ಮಾತ್ರ ಬಿಡುತ್ತವೆ. ಎಸ್ಟರ್ ಮಾಡುವವರಿಗೆ ಅದು ವರ.

ಅಮೋನಿಯಾ ತಯಾರಿಕೆಯಲ್ಲಿ ಇದು ಹೇಗೆ ನಡೆಯುತ್ತದೆ?

ಇದು ನನಗೆ ಅತಿ ಇಷ್ಟದ ಉದಾಹರಣೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಗಾಳಿಯ ನೈಟ್ರೋಜನ್ ಮತ್ತು ಹೈಡ್ರೋಜನ್ ಸೇರಿದರೆ ಅಮೋನಿಯಾ. ತಂಪಿನಲ್ಲಿ ಸಮತೋಲನ ಅಮೋನಿಯಾ ಕಡೆಗೆ ವಾಲುತ್ತದೆ, ಆದರೆ ಆಗ ಕ್ರಿಯೆ ನಡೆಯುವುದೇ ಇಲ್ಲ. ಬಿಸಿ ಮಾಡಿದರೆ ಕ್ರಿಯೆ ಓಡುತ್ತದೆ, ಆದರೆ ಸಮತೋಲನ ಹಿಂದಕ್ಕೆ ವಾಲುತ್ತದೆ. ಎರಡರ ನಡುವೆ ಸಿಕ್ಕಿಕೊಂಡ ಕ್ರಿಯೆ ಇದು. ಒತ್ತಡ ಜಾಸ್ತಿ ಮಾಡಿದರೂ ಒಂದು ಸುತ್ತಿನಲ್ಲಿ ಕೈಗೆ ಬರುವುದು ಸ್ವಲ್ಪವೇ. ಈಗಿನ ಕಾರ್ಖಾನೆಗಳಲ್ಲೂ ಒಂದು ಸಲ ಕ್ಯಾಟಲಿಸ್ಟ್ ದಾಟಿದರೆ ಸುಮಾರು 15ರಿಂದ 20% ಮಾತ್ರ ಅಮೋನಿಯಾ ಆಗುತ್ತದೆ.

ಫ್ರಿಟ್ಸ್ ಹಾಬರ್ ಇದಕ್ಕೆ ಕಂಡುಕೊಂಡ ಪರಿಹಾರದಲ್ಲಿ ಕ್ಯಾಟಲಿಸ್ಟ್ ಒಂದು ಭಾಗ, ಒತ್ತಡ ಇನ್ನೊಂದು. ಮೂರನೆಯದನ್ನು ಜನ ಮರೆಯುತ್ತಾರೆ: ಸುತ್ತು. ಕ್ಯಾಟಲಿಸ್ಟ್ ದಾಟಿ ಬಂದ ಅನಿಲವನ್ನು ತಂಪು ಮಾಡಬೇಕು. ಅಮೋನಿಯಾ ಸಾಧಾರಣ ಒತ್ತಡದಲ್ಲಿ ಮೈನಸ್ 33 ಡಿಗ್ರಿಗೆ ದ್ರವವಾಗುತ್ತದೆ. ಒತ್ತಡ ಇದ್ದರೆ ಅದಕ್ಕಿಂತ ಸುಲಭ. ನೈಟ್ರೋಜನ್ ಮೈನಸ್ 196 ಡಿಗ್ರಿವರೆಗೆ, ಹೈಡ್ರೋಜನ್ ಮೈನಸ್ 253 ಡಿಗ್ರಿವರೆಗೆ ಅನಿಲವಾಗೇ ಇರುತ್ತವೆ. ಹಾಗಾಗಿ ಅಮೋನಿಯಾ ಮಾತ್ರ ಹನಿ ಹನಿಯಾಗಿ ಕೆಳಗೆ ಇಳಿಯುತ್ತದೆ. ಉಳಿದದ್ದನ್ನು ಪಂಪಿನಿಂದ ಮತ್ತೆ ಕ್ಯಾಟಲಿಸ್ಟ್ ಕಡೆಗೆ ತಳ್ಳುತ್ತಾರೆ. ಮತ್ತೆ 15%, ಮತ್ತೆ ತಂಪು, ಮತ್ತೆ ಸುತ್ತು. ಕೊನೆಗೆ ಹಾಕಿದ್ದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಅಮೋನಿಯಾ ಆಗುತ್ತದೆ.

1909ರ ಜುಲೈ 2ರಂದು ಹಾಬರ್ ತನ್ನ ಯಂತ್ರವನ್ನು ಬಿಎಎಸ್ಎಫ್ ಕಂಪನಿಯವರಿಗೆ ತೋರಿಸಿದ. ಗಂಟೆಗೆ ಸುಮಾರು 125 ಮಿಲಿಲೀಟರ್ ಅಮೋನಿಯಾ ಇಳಿಯುತ್ತಿತ್ತು. ಕಾಲು ಲೀಟರ್ ಲೋಟದಲ್ಲಿ ಅರ್ಧ. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಯ ಅಳತೆಗೆ ಬೆಳೆಸಿದ. 1913ರಲ್ಲಿ ಜರ್ಮನಿಯ ಒಪ್ಪೌನಲ್ಲಿ ಮೊದಲ ಕಾರ್ಖಾನೆ ಶುರುವಾಯಿತು.

ಈ ಸುತ್ತಿಗೆ ಒಂದು ತೊಂದರೆ ಇದೆ. ಒಳಗೆ ಬರುವ ಅನಿಲದಲ್ಲಿ ಆರ್ಗಾನ್, ಮೀಥೇನ್ ಚೂರು ಚೂರು ಇರುತ್ತವೆ. ಅವು ಅಮೋನಿಯಾ ಆಗುವುದಿಲ್ಲ, ದ್ರವವಾಗಿ ಇಳಿಯುವುದೂ ಇಲ್ಲ. ಸುತ್ತುತ್ತಾ ಸುತ್ತುತ್ತಾ ಒಳಗೇ ಜಮೆಯಾಗುತ್ತವೆ. ಹಾಗಾಗಿ ಸ್ವಲ್ಪ ಅನಿಲವನ್ನು ಯಾವಾಗಲೂ ಹೊರಗೆ ಬಿಡುತ್ತಲೇ ಇರಬೇಕು.

ಯೂರಿಯಾ ಕೂಡ ಹೀಗೇನಾ?

ಹೌದು. ಅಮೋನಿಯಾ ಮತ್ತು ಕಾರ್ಬನ್ ಡೈಆಕ್ಸೈಡ್ ಸೇರಿ ಮೊದಲು ಅಮೋನಿಯಂ ಕಾರ್ಬಮೇಟ್ ಆಗುತ್ತದೆ. ಆಮೇಲೆ ಅದು ನೀರು ಬಿಟ್ಟು ಯೂರಿಯಾ ಆಗುತ್ತದೆ. ಎರಡನೇ ಹೆಜ್ಜೆ ಅರ್ಧದಾರಿಗೆ ಬಂದು ನಿಲ್ಲುತ್ತದೆ. ರಿಯಾಕ್ಟರಿನಿಂದ ಹೊರಬರುವ ದ್ರವದಲ್ಲಿ ಯೂರಿಯಾ, ನೀರು, ಆಗದೆ ಉಳಿದ ಕಾರ್ಬಮೇಟ್ ಎಲ್ಲ ಕಲಸಿಕೊಂಡಿರುತ್ತವೆ.

1960ರ ದಶಕದಲ್ಲಿ ನೆದರ್ಲೆಂಡ್ಸಿನ ಸ್ಟಾಮಿಕಾರ್ಬನ್ ಕಂಪನಿ ಒಂದು ಚೆಂದದ ಉಪಾಯ ಬಳಕೆಗೆ ತಂದಿತು. ಅದೇ ದ್ರವವನ್ನು ಬಿಸಿ ಕೊಳವೆಗಳ ಒಳಗೋಡೆಯ ಮೇಲೆ ತೆಳ್ಳಗೆ ಹರಿಸಿ, ಕೆಳಗಿನಿಂದ ಕಾರ್ಬನ್ ಡೈಆಕ್ಸೈಡ್ ಊದಿದರು. ಆ ಊದುವಿಕೆಗೆ ಕರಗಿದ ಅಮೋನಿಯಾ ಹೊರಗೆ ಬರುತ್ತದೆ. ಅಮೋನಿಯಾ ಹೋದರೆ ಕಾರ್ಬಮೇಟ್ ಮುರಿಯುತ್ತದೆ. ಮುರಿದ ಅನಿಲ ಮತ್ತೆ ರಿಯಾಕ್ಟರಿಗೆ ವಾಪಸ್. ಒತ್ತಡ ಇಳಿಸದೆಯೇ ಇದೆಲ್ಲ ಆಗುವುದರಿಂದ ಪಂಪಿನ ಖರ್ಚು ಉಳಿಯುತ್ತದೆ.

ನಿಮ್ಮ ಸೊಸೈಟಿಯಲ್ಲಿ ಸಿಗುವ 45 ಕೆಜಿ ಚೀಲದ ಹಿಂದೆ ಇಂಥ ಎರಡು ಸುತ್ತುಗಳಿವೆ: ಒಂದು ಅಮೋನಿಯಾದ್ದು, ಇನ್ನೊಂದು ಕಾರ್ಬಮೇಟಿನದು.

ಸಲ್ಫ್ಯೂರಿಕ್ ಆಮ್ಲದಲ್ಲಿ?

ಗಂಧಕ ಸುಟ್ಟ ಹೊಗೆ, ಅಂದರೆ ಸಲ್ಫರ್ ಡೈಆಕ್ಸೈಡ್, ಆಮ್ಲಜನಕದ ಜೊತೆ ಸೇರಿ ಟ್ರೈಆಕ್ಸೈಡ್ ಆಗಬೇಕು. ವೆನೇಡಿಯಂ ಕ್ಯಾಟಲಿಸ್ಟಿನ ಹಾಸುಗಳನ್ನು ಒಂದರ ನಂತರ ಒಂದು ದಾಟಿಸಿದರೂ ಮೊದಲು 98% ಹತ್ತಿರ ನಿಲ್ಲುತ್ತಿತ್ತು. ಉಳಿದ 2% ಚಿಮಣಿಯಿಂದ ಊರಿನ ಗಾಳಿಗೆ ಹೋಗುತ್ತಿತ್ತು. 1960ರ ದಶಕದಲ್ಲಿ ನಡುವೆ ಒಮ್ಮೆ ನಿಲ್ಲಿಸಿ, ಆಗಿರುವ ಟ್ರೈಆಕ್ಸೈಡನ್ನು ಆಮ್ಲದಲ್ಲಿ ಹೀರಿಸಿ, ಉಳಿದ ಅನಿಲವನ್ನು ಕೊನೆಯ ಹಾಸಿಗೆ ಕಳಿಸುವ ಪದ್ಧತಿ ಬಂತು. 99.7% ದಾಟಿತು. ಇಲ್ಲಿ ಉಳಿದದ್ದು ದುಡ್ಡು ಮಾತ್ರ ಅಲ್ಲ, ಕಾರ್ಖಾನೆ ಪಕ್ಕದ ಜನರ ಉಸಿರು ಕೂಡ.

ಕ್ರಿಯೆ ಮತ್ತು ಬಟ್ಟಿ ಇಳಿಸುವುದು ಎರಡೂ ಒಂದೇ ಗೋಪುರದಲ್ಲಿ ಅಂತಾರಲ್ಲ, ಅದು ಏನು?

ಅದನ್ನು ರಿಯಾಕ್ಟಿವ್ ಡಿಸ್ಟಿಲೇಶನ್ ಅನ್ನುತ್ತಾರೆ. ಇದಕ್ಕೆ ಭದ್ರಾವತಿಯಿಂದಲೇ ಶುರುಮಾಡುತ್ತೇನೆ.

1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣ ಕಾರ್ಖಾನೆ ಶುರುವಾದಾಗ ಅದಿರು ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು, ಇದ್ದಿಲು ಮಲೆನಾಡಿನ ಕಾಡಿನಿಂದ. ಕಾರ್ಖಾನೆಯ ಹೆಸರಿನಲ್ಲೇ ‘ವುಡ್ ಡಿಸ್ಟಿಲೇಶನ್’ ಅಂತ ಇತ್ತು. ಗಾಳಿ ಇಲ್ಲದ ಕಬ್ಬಿಣದ ಕೋಣೆಯಲ್ಲಿ ಸೌದೆಯನ್ನು ಕಾಯಿಸಿದರೆ ಇದ್ದಿಲು ಉಳಿಯುತ್ತದೆ. ಹೊರಬಂದ ಹೊಗೆಯನ್ನು ತಂಪು ಮಾಡಿದರೆ ಕಂದು ಬಣ್ಣದ ಹುಳಿ ನೀರು ಸಿಗುತ್ತದೆ. ಅದರಲ್ಲಿ ಡಾಂಬರು, ಅಸಿಟಿಕ್ ಆಮ್ಲ ಮತ್ತು ಮೆಥನಾಲ್ ಇರುತ್ತವೆ. ಆ ಕಾಲದಲ್ಲಿ ಇವನ್ನು ಬೇರ್ಪಡಿಸುತ್ತಿದ್ದ ರೀತಿ ಸೊಗಸಾಗಿದೆ. ಸುಣ್ಣ ಹಾಕಿದರೆ ಆಮ್ಲ ಉಪ್ಪಾಗಿ ಹಿಡಿದುಕೊಳ್ಳುತ್ತದೆ, ಮೆಥನಾಲ್ ಆವಿಯಾಗಿ ಹೋಗುತ್ತದೆ.

ಅಮೆರಿಕದ ಟೆನೆಸ್ಸಿ ರಾಜ್ಯದ ಕಿಂಗ್ಸ್‌ಪೋರ್ಟಿನಲ್ಲಿ 1920ರಲ್ಲಿ ಈಸ್ಟ್‌ಮನ್ ಕಂಪನಿಯೂ ಇಂಥದ್ದೇ ಸೌದೆ ಬಟ್ಟಿಯಿಂದ ಶುರುಮಾಡಿತು. ಫೋಟೋ ಫಿಲ್ಮ್ ಮಾಡಲು ಅವರಿಗೆ ಮೆಥನಾಲ್ ಬೇಕಿತ್ತು. ಅದೇ ಊರಿನಲ್ಲಿ 1980ರ ದಶಕದಲ್ಲಿ, ಅದೇ ಎರಡು ಪದಾರ್ಥ, ಮೆಥನಾಲ್ ಮತ್ತು ಅಸಿಟಿಕ್ ಆಮ್ಲ, ಸೇರಿಸಿ ಮೀಥೈಲ್ ಅಸಿಟೇಟ್ ಮಾಡುವ ಹೊಸ ಗೋಪುರ ಎದ್ದಿತು. ಹಳೆ ವಿಧಾನದಲ್ಲಿ ಒಂದು ರಿಯಾಕ್ಟರ್, ಅದರ ಹಿಂದೆ ಬೇರ್ಪಡಿಸಲು ಒಂಬತ್ತು ಗೋಪುರ ಬೇಕಿತ್ತು. ಹೊಸದರಲ್ಲಿ ಒಂದೇ.

ಒಳಗೆ ಏನಾಗುತ್ತದೆ ನೋಡಿ. ಮೀಥೈಲ್ ಅಸಿಟೇಟ್ 57 ಡಿಗ್ರಿಗೆ ಕುದಿಯುತ್ತದೆ, ಮೆಥನಾಲ್ 65ಕ್ಕೆ, ನೀರು 100ಕ್ಕೆ, ಅಸಿಟಿಕ್ ಆಮ್ಲ 118ಕ್ಕೆ. ಭಾರದ ಆಮ್ಲವನ್ನು ಮೇಲಿನಿಂದ ಬಿಡುತ್ತಾರೆ, ಹಗುರದ ಮೆಥನಾಲನ್ನು ಕೆಳಗಿನಿಂದ. ಆಮ್ಲ ಇಳಿಯುತ್ತದೆ, ಮೆಥನಾಲ್ ಏರುತ್ತದೆ, ಮಧ್ಯದಲ್ಲಿ ಒಂದಕ್ಕೊಂದು ಎದುರಾಗುತ್ತವೆ. ಅಲ್ಲೇ ಎಸ್ಟರ್ ಹುಟ್ಟುತ್ತದೆ. ಹುಟ್ಟಿದ ತಕ್ಷಣ ಅದು ಮೇಲೆ ಹೋಗುತ್ತದೆ, ಜೊತೆಗೆ ಹುಟ್ಟಿದ ನೀರು ಕೆಳಗೆ ಇಳಿಯುತ್ತದೆ. ಎರಡೂ ಮತ್ತೆ ಸೇರಲು ಅವಕಾಶವೇ ಇಲ್ಲ. ಹಳೆಯದಕ್ಕೆ ಹೋಲಿಸಿದರೆ ಬಂಡವಾಳವೂ ಶಕ್ತಿಯ ಖರ್ಚೂ ಸುಮಾರು ಐದನೇ ಒಂದು ಪಾಲಿಗೆ ಇಳಿಯಿತು ಎಂದು ವರದಿಯಾಗಿದೆ.

ಭದ್ರಾವತಿಯ ಬಟ್ಟಿಯಲ್ಲೂ ಅದೇ ಎರಡು ಪದಾರ್ಥ ಇಳಿಯುತ್ತಿದ್ದವು ಅನ್ನುವುದು ಗೊತ್ತಾದ ದಿನದಿಂದ, ಬಸ್ಸಿನಲ್ಲಿ ಆ ಚಿಮಣಿಗಳ ಪಕ್ಕ ಹೋಗುವಾಗ ನನಗೆ ಈ ಗೋಪುರ ನೆನಪಾಗುತ್ತದೆ.

ಆಮ್ಲವನ್ನು ಮೇಲಿನಿಂದಲೇ ಯಾಕೆ ಬಿಡಬೇಕು?

ಒಳ್ಳೆಯ ಪ್ರಶ್ನೆ. ಕೆಲವು ದ್ರವಗಳು ಜೋಡಿಯಾದರೆ ಕುದಿಸಿ ಬಿಡಿಸಲು ಆಗುವುದಿಲ್ಲ. ದ್ರವದಲ್ಲಿ ಎಷ್ಟು ಪಾಲಿವೆಯೋ ಆವಿಯಲ್ಲೂ ಅಷ್ಟೇ ಪಾಲಿನಲ್ಲಿ ಹೋಗುತ್ತವೆ. ಇದನ್ನು ಅಜಿಯೋಟ್ರೋಪ್ ಅನ್ನುತ್ತೇವೆ. ಎಥನಾಲ್ ಮತ್ತು ನೀರು ಹೀಗೇ. ಎಷ್ಟು ಸಲ ಬಟ್ಟಿ ಇಳಿಸಿದರೂ ತೂಕದಲ್ಲಿ 95.6% ಹತ್ತಿರ ನಿಲ್ಲುತ್ತದೆ. ಪೆಟ್ರೋಲಿಗೆ ಬೆರೆಸುವ ಎಥನಾಲಿನಿಂದ ಉಳಿದ ನೀರನ್ನು ತೆಗೆಯಲು ಮಾಲಿಕ್ಯುಲರ್ ಸೀವ್ ಎಂಬ, ನೀರಿನ ಅಣುವನ್ನು ಮಾತ್ರ ಒಳಗೆ ಎಳೆದುಕೊಳ್ಳುವ ಕಾಳುಗಳನ್ನು ಬಳಸುತ್ತಾರೆ.

ಮೀಥೈಲ್ ಅಸಿಟೇಟ್ ನೀರಿನ ಜೊತೆಗೂ ಮೆಥನಾಲ್ ಜೊತೆಗೂ ಇಂಥ ಜೋಡಿ ಕಟ್ಟಿಕೊಳ್ಳುತ್ತದೆ. ಮೇಲಿನಿಂದ ಇಳಿಯುವ ಅಸಿಟಿಕ್ ಆಮ್ಲ ಆ ಜೋಡಿಯನ್ನು ಬಿಡಿಸುತ್ತದೆ. ನೀರನ್ನು ತನ್ನ ಜೊತೆ ಕೆಳಗೆ ಎಳೆದುಕೊಳ್ಳುತ್ತದೆ, ಮೆಥನಾಲ್ ಸಿಕ್ಕಿದರೆ ಅದರ ಜೊತೆ ಕ್ರಿಯೆ ನಡೆಸುತ್ತದೆ. ಕಚ್ಚಾ ಮಾಲೇ ಬೇರ್ಪಡಿಸುವ ಕೆಲಸವನ್ನೂ ಮಾಡುತ್ತದೆ.

ಹೊಂಗೆ ಎಣ್ಣೆಯಿಂದ ಬಯೋಡೀಸೆಲ್ ಮಾಡುವಾಗ?

ಎಣ್ಣೆಗೆ ಮೆಥನಾಲ್, ಜೊತೆಗೆ ಕ್ಯಾಟಲಿಸ್ಟ್ ಆಗಿ ಸ್ವಲ್ಪ ಕ್ಷಾರ ಸೇರಿಸಿದರೆ ಬಯೋಡೀಸೆಲ್ ಮತ್ತು ಗ್ಲಿಸರಿನ್. ಲೆಕ್ಕಕ್ಕೆ ಒಂದು ಅಣು ಎಣ್ಣೆಗೆ ಮೂರು ಅಣು ಮೆಥನಾಲ್ ಸಾಕು. ಸಾಮಾನ್ಯವಾಗಿ ಆರು ಹಾಕುತ್ತಾರೆ. ಗ್ಲಿಸರಿನ್ ಭಾರ, ಎಣ್ಣೆಯಲ್ಲಿ ಕರಗುವುದಿಲ್ಲ. ಕಲಕುವುದು ನಿಲ್ಲಿಸಿದರೆ ತಳದಲ್ಲಿ ಗಾಢ ಪದರವಾಗಿ ಕೂರುತ್ತದೆ. ಅದನ್ನು ಕೆಳಗಿನ ನಲ್ಲಿಯಿಂದ ಬಿಟ್ಟು, ಮತ್ತೊಂದಿಷ್ಟು ಮೆಥನಾಲ್ ಹಾಕಿ ಎರಡನೇ ಸಲ ನಡೆಸಿದರೆ ಉಳಿದ ಎಣ್ಣೆಯೂ ಬದಲಾಗುತ್ತದೆ.

ಹೊಂಗೆ ಎಣ್ಣೆ ಹಳೆಯದಾದರೆ ಅದರಲ್ಲಿ ಬಿಡಿ ಕೊಬ್ಬಿನ ಆಮ್ಲ ಜಾಸ್ತಿ. ಅದು ನೇರವಾಗಿ ಕ್ಷಾರದ ಜೊತೆ ಸೇರಿದರೆ ಸೋಪಾಗಿ, ಎಲ್ಲ ಗಂಟು ಗಂಟಾಗುತ್ತದೆ. ಅದಕ್ಕೇ ಮೊದಲು ಆಮ್ಲದ ಹೆಜ್ಜೆ: ಆಮ್ಲವನ್ನು ಕ್ಯಾಟಲಿಸ್ಟ್ ಆಗಿ ಹಾಕಿ ಆ ಕೊಬ್ಬಿನ ಆಮ್ಲವನ್ನು ಮೆಥನಾಲ್ ಜೊತೆ ಎಸ್ಟರ್ ಮಾಡುವುದು. ಆ ಹೆಜ್ಜೆಯಲ್ಲಿ ನೀರು ಹುಟ್ಟುತ್ತದೆ, ಅದನ್ನು ತೆಗೆಯದೆ ಮುಂದೆ ಹೋಗಬಾರದು.

ಯಾವಾಗ ಈ ಉಪಾಯ ಕೆಲಸ ಮಾಡುವುದಿಲ್ಲ?

ಕ್ರಿಯೆ ನಿಧಾನವೇ ಆಗಿದ್ದರೆ. ಸಮತೋಲನಕ್ಕೆ ಇನ್ನೂ ತಲುಪಿಯೇ ಇಲ್ಲ ಅಂದರೆ ಹುಟ್ಟಿದ್ದನ್ನು ತೆಗೆದು ಏನೂ ಲಾಭವಿಲ್ಲ. ಆಗ ಬೇಕಾದದ್ದು ಕ್ಯಾಟಲಿಸ್ಟ್. ಮಕ್ಕಳು ಈ ಎರಡನ್ನೂ ಬಹಳ ಕಲಸುತ್ತಾರೆ. ಯಾವುದೆಂದು ಗುರುತಿಸುವುದು ಸುಲಭ: ಇನ್ನೂ ಎರಡು ಗಂಟೆ ಬಿಟ್ಟು ನೋಡಿ. ಬದಲಾದರೆ ಅದು ವೇಗದ ತೊಂದರೆ. ಬದಲಾಗದೆ, ಹುಟ್ಟಿದ್ದನ್ನು ತೆಗೆದಾಗ ಮಾತ್ರ ಮುಂದೆ ಹೋದರೆ ಅದು ಸಮತೋಲನ.

ಕ್ರಿಯೆಗೆ ಬೇಕಾದ ಬಿಸಿ ಮತ್ತು ಬಟ್ಟಿ ಇಳಿಸಲು ಬೇಕಾದ ಬಿಸಿ ಹೊಂದದಿದ್ದರೂ ಒಂದೇ ಗೋಪುರದ ಉಪಾಯ ನಡೆಯುವುದಿಲ್ಲ. ಬೇಕಾದ ಪದಾರ್ಥಕ್ಕಿಂತ ಕಚ್ಚಾ ಮಾಲೇ ಮೊದಲು ಆವಿಯಾಗಿ ಹೋಗುವ ಹಾಗಿದ್ದರೂ ಕಷ್ಟ. ಇನ್ನು ಬೇರ್ಪಡಿಸಲು ಆಗುವ ಖರ್ಚು, ಸಿಗುವ ಲಾಭಕ್ಕಿಂತ ಜಾಸ್ತಿ ಆದರೆ ಯಾರೂ ಮಾಡುವುದಿಲ್ಲ.

ಮನೆಯಲ್ಲಿ ಮಾಡಿ ನೋಡಬಹುದಾ?

ಎಸ್ಟರ್, ಬಯೋಡೀಸೆಲ್ ಮನೆಯಲ್ಲಿ ಬೇಡ. ಮೆಥನಾಲ್ ಸ್ವಲ್ಪ ಹೊಟ್ಟೆಗೆ ಹೋದರೂ ಕಣ್ಣು ಹೋಗುತ್ತದೆ, ಜೀವವೂ ಹೋಗುತ್ತದೆ. ಸಾಂದ್ರ ಸಲ್ಫ್ಯೂರಿಕ್ ಆಮ್ಲ ಚರ್ಮ ಸುಡುತ್ತದೆ. ಇದನ್ನು ಗಂಭೀರವಾಗಿಯೇ ಹೇಳುತ್ತಿದ್ದೇನೆ.

ಆದರೆ ನೋಡಲು ಬೇರೆ ದಾರಿ ಇದೆ. ನಿಮ್ಮ ಬಚ್ಚಲಿನ ಹಂಡೆಯ ತಳ ಮುಟ್ಟಿ ನೋಡಿ. ಗುಡ್ಡದಿಂದ ಬರುವ ಅಬ್ಬಿ ನೀರಿನ ಮನೆಯಾದರೆ ನುಣ್ಣಗಿರಬಹುದು. ಗಡಸು ಬೋರ್‌ವೆಲ್ ನೀರಿನ ಮನೆಯಾದರೆ ಬಿಳಿ ಹಕ್ಕಳೆ ಕೈಗೆ ಸಿಗುತ್ತದೆ. ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಸಮತೋಲನದಲ್ಲಿ ಇರುತ್ತದೆ. ಕಾಯಿಸಿದಾಗ ಕಾರ್ಬನ್ ಡೈಆಕ್ಸೈಡ್ ಮೇಲಿನಿಂದ ಹಾರಿಹೋಗುತ್ತದೆ, ಕ್ಯಾಲ್ಸಿಯಂ ಕಾರ್ಬೊನೇಟ್ ಕೆಳಗೆ ಕೂರುತ್ತದೆ. ಒಂದು ಅನಿಲವಾಗಿ ಬೇರೆ, ಒಂದು ಕಲ್ಲಾಗಿ ಬೇರೆ. ಎರಡೂ ಕಡೆಯಿಂದ ಎಳೆದದ್ದರಿಂದ ಕ್ರಿಯೆ ಮುಂದೆ ಹೋಗಿದೆ.

ಅಡಿಕೆ ಬೇಯಿಸುವುದಕ್ಕೂ ಇದಕ್ಕೂ ಸಂಬಂಧ ಇದೆಯಾ?

ನೇರ ಸಂಬಂಧ ಅಲ್ಲ, ಆದರೆ ಲೆಕ್ಕ ಹತ್ತಿರದ್ದು. ಸುಲಿದ ಹಸಿ ಅಡಿಕೆಯನ್ನು ಬರೀ ನೀರಿನಲ್ಲಿ ಬೇಯಿಸಿದರೆ ಅದರ ಒಗರು ಧಾರಾಳವಾಗಿ ನೀರಿಗೆ ಇಳಿಯುತ್ತದೆ. ಹಳೆಯ ಚೊಗರು (ಹಿಂದೆ ಅಡಿಕೆ ಬೇಯಿಸಿ ಉಳಿದ ಒಗರು ನೀರು) ಹಾಕಿ ಬೇಯಿಸಿದರೆ ನೀರಿನಲ್ಲಿ ಮೊದಲೇ ಒಗರು ತುಂಬಿರುತ್ತದೆ. ಇಳಿಯುವುದು ಕಡಿಮೆ, ಮೇಲೆ ಬಣ್ಣವೂ ಹೊಳಪೂ ಹತ್ತುತ್ತದೆ. ಇಲ್ಲಿ ನಾವು ಬೇಕೆಂದೇ ಹೊರಗಿನದನ್ನು ತುಂಬಿ, ಒಳಗಿನದು ಹೋಗದಂತೆ ತಡೆಯುತ್ತೇವೆ. ಕಾರ್ಖಾನೆಯವರು ಮಾಡುವುದರ ಉಲ್ಟಾ.

ಒಣಗಿಸುವಾಗ ಮಾತ್ರ ಕಾರ್ಖಾನೆಯವರ ಹಾಗೇ ಮಾಡಬೇಕು. ಮಳೆ ಹಿಡಿದ ವರ್ಷ ಎಷ್ಟೋ ಜನ ಡ್ರೈಯರಿಗೆ ಸೌದೆ ಜಾಸ್ತಿ ತುಂಬುತ್ತಾರೆ, ಶಾಖ ಹೋಗಬಾರದು ಅಂತ ಮೇಲಿನ ಕಿಂಡಿ ಮುಚ್ಚುತ್ತಾರೆ. ಒಳಗೆ ಬಿಸಿ ಇರುತ್ತದೆ, ಆದರೆ ಅಡಿಕೆ ಬೆವರಿ ಕೂತಿರುತ್ತದೆ. ತೇವದ ಗಾಳಿ ಹೋಗಲು ದಾರಿ ಇರುವುದಿಲ್ಲ. ಮೊದಲ ದಿನ ನೀರು ಜಾಸ್ತಿ ಬಿಡುತ್ತದೆ, ಆಗ ಕಿಂಡಿ ಪೂರ್ತಿ ತೆರೆದಿಡಿ. ಕಿಂಡಿಯ ಹತ್ತಿರ ಕನ್ನಡಿ ಹಿಡಿದು ನೋಡಿ. ಮಂಜು ಕಟ್ಟುವುದು ಕಡಿಮೆಯಾದ ಮೇಲೆ ಅರ್ಧ ಮುಚ್ಚಬಹುದು.